ನೀರು ಮುಟ್ಟದ ಫಿಟ್ಟರ್

ಹೊಸಪೇಟೆಯಲ್ಲಿ ಫಿಟ್ಟರ್ ಪಕ್ಕೀರಪ್ಪನ ಹೆಸರು ಎತ್ತಿದರೆ ಸಾಕು, ಜನ ಮೊದಲು ಹೇಳುತ್ತಿದ್ದದ್ದು ಅವನ ಕೈಗುಣವನ್ನಲ್ಲ, ಅವನ ಸೊಕ್ಕನ್ನು. "ಅವನೇನ್ರಿ? ನಮ್ಮನಿಗೆ ಬಂದು ಅರ್ಧ ದಿನ ಇದ್ದ. ಒಂದ್ ಗುಟುಕು ನೀರು ಸೈತ ಮುಟ್ಲಿಲ್ಲ. ಹೆಣ್ಣು ನೋಡಾಕ ಬಂದ ಬೀಗ್ರು ಸೈತ ಇಷ್ಟು ಬಿಗಿಯಂಗಿಲ್ಲ" ಎಂದು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತಿದ್ದರು.

ಆಡುವ ಬಾಯಿಗೆ ಬೀಗ ಹಾಕಲು ಯಾರಿಂದಾದೀತು? ಸೊಕ್ಕಿನವನ ಬಾಳು ಅವನ ಬಾಳಿನಂತೆ ಇರುವುದಿಲ್ಲ. ಸ್ಟೇಷನ್ ರಸ್ತೆಯ ಹಿಂದೆ ಅವನದೊಂದು ತಗಡಿನ ಶೆಡ್ಡು. ಅರ್ಧದಲ್ಲಿ ಕೆಲಸ, ಇನ್ನರ್ಧದಲ್ಲಿ ಒಲೆ ಮತ್ತು ಚಾಪೆ. ರೊಟ್ಟಿ ತಾನೇ ತಟ್ಟಿಕೊಳ್ಳುತ್ತಿದ್ದ. ಎಷ್ಟು ತಟ್ಟಿದರೂ ಎರಡೇ, ಬೆಳಿಗ್ಗೆಗೊಂದು ಸಂಜೆಗೊಂದು. ಹಬ್ಬದ ದಿನವೂ ಎರಡೇ. ಮಾತಾಡಿಸಲು ಬರುವವರೆಲ್ಲ ಗಾಡಿಯ ವಿಷಯಕ್ಕೇ ಬರುತ್ತಿದ್ದರು, ವಿಷಯ ಮುಗಿದ ಮೇಲೆ ಹೋಗುತ್ತಿದ್ದರು.

ಆಗಿನ್ನೂ ನಮ್ಮ ಕಡೆ ಮದ್ರಾಸಿನವರ ದರ್ಬಾರು. ಮೋಟಾರು ಸೈಕಲ್ಲಿಗೆ ಜನ ಫಟಫಟಿ ಎನ್ನುತ್ತಿದ್ದರು. ಅಂಥವು ಊರಿಗೆ ನಾಕೋ ಐದೋ ಇದ್ದರೆ ಹೆಚ್ಚು. ಆದರೆ ಆ ನಾಕೈದೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಡಾಕ್ಟರು ಓಡಿಸಿ ಬೇಸರವಾದದ್ದು ಓವರ್‌ಸಿಯರನ ಮನೆಗೆ, ಅವನಿಗೆ ವರ್ಗವಾದರೆ ಕಂಪ್ಲಿಯ ವ್ಯಾಪಾರಿಗೆ, ಅಲ್ಲಿಂದ ಸಂಡೂರಿಗೆ. ಹೀಗೆ ಕೈಬದಲಾಗುವ ಪ್ರತಿ ಗಾಡಿಯ ಮುಂದೂ ಒಮ್ಮೆ ಪಕ್ಕೀರಪ್ಪ ಕುಕ್ಕುರುಗಾಲಲ್ಲಿ ಕೂರಲೇಬೇಕಿತ್ತು. ಜರ್ಮನ್ ಯುದ್ಧದ ಕಾಲಕ್ಕೆ ಬಸ್ರಾಕ್ಕೆ ಹೋಗಿ ಮಿಲಿಟರಿ ಗಾಡಿಗಳ ಹೊಟ್ಟೆ ಬಗೆದು ನೋಡಿ ಬಂದವನು ಅವನು. ಅವನು "ತಗೋರಿ" ಅಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು, "ಬ್ಯಾಡ" ಅಂದ ಗಾಡಿಯನ್ನು ಮುಂದೆ ಯಾರೂ ಮೂಸಿಯೂ ನೋಡುವುದಿಲ್ಲ ಎಂಬ ಮಾತು ಇತ್ತು.

ಅವನು ಗಾಡಿ ನೋಡುವ ರೀತಿಯೇ ಬೇರೆ. ಬಂದವನೇ ಎಂಜಿನ್ನಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಬೇವಿನ ನೆರಳಿಗೆ ಹೋಗಿ ಕೂತುಬಿಡುತ್ತಿದ್ದ. "ತಣ್ಣಗಾಗ್ಲಿರಿ. ಮದಲೇ ಯಾರೋ ಎಬ್ಬಿಸ್ಯಾರ. ತಾನಾಗೇ ಹೆಂಗ ಏಳ್ತೈತಿ ನೋಡಬೇಕು" ಎನ್ನುತ್ತಿದ್ದ. ತಣ್ಣಗಾದ ಮೇಲೆ ಒದ್ದು ನೋಡುವುದು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ಸಪ್ಪಳ ಕೇಳುವುದು, ನಿಂತ ಜಾಗದಲ್ಲಿ ಎಣ್ಣೆ ಸೋರಿದೆಯೋ ಎಂದು ನೆಲ ನೋಡುವುದು ಎಲ್ಲ ಇತ್ತು. ಕೊನೆಗೆ ವಿಭೂತಿ ಪರೀಕ್ಷೆ. ಗಾಡಿಯ ಕುತ್ತಿಗೆ, ಎಂದರೆ ಮುಂದಿನ ಕವಲು ಬಂದು ಚೌಕಟ್ಟಿಗೆ ಸೇರುವ ಜಾಗ, ಅಲ್ಲಿಗೆ ಸೀಮೆಎಣ್ಣೆ ಸವರಿ, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ನುಣ್ಣಗೆ ಪುಡಿ ಮಾಡಿದ ವಿಭೂತಿ ಉದುರಿಸುತ್ತಿದ್ದ. ಬಣ್ಣದ ಕೆಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಅದರೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತಿತ್ತು. ಬಸ್ರಾದಲ್ಲಿ ಇದಕ್ಕೆ ಸೀಮೆಸುಣ್ಣ ಹಾಕುತ್ತಿದ್ದರಂತೆ. ಇವನ ಜೇಬಿನಲ್ಲಿ ಸದಾ ವಿಭೂತಿ ಗಟ್ಟಿ ಇರುತ್ತಿತ್ತು, ಅದು ಸುಣ್ಣಕ್ಕಿಂತ ನುಣುಪು. "ಹಣಿಗೆ ಹಚ್ಚೋದನ್ನ ಕಬ್ಬಿಣಕ್ಕ ಹಚ್ತಾನ" ಎಂದು ಮಠದ ಕಡೆಯವರು ಗೊಣಗಿದ್ದೂ ಉಂಟು.

ಇಷ್ಟೆಲ್ಲ ಮುಗಿಯುವವರೆಗೂ, ಮುಗಿದ ಮೇಲೂ, ಮಾರುವವರ ಮನೆಯಲ್ಲಿ ಅವನು ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಬಸ್ರಾದಿಂದ ತಂದ ಪಟಾಲಮ್ಮಿನ ನೀರಿನ ಬಾಟ್ಲಿ ಹೆಗಲಿಗೆ ನೇತಾಡುತ್ತಿತ್ತು. ಬಾಯಾರಿದರೆ ಅದನ್ನೇ ಎತ್ತುತ್ತಿದ್ದ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಚೊಂಬು ನೀರು, ಆಮೇಲೆ ಮಾತು. ಆ ಚೊಂಬನ್ನು ಒಲ್ಲೆ ಎನ್ನುವುದೆಂದರೆ ಮುಖದ ಮೇಲೆ ಹೊಡೆದಂತೆ. ಅವನು ನೂರಾರು ಮನೆಗಳಲ್ಲಿ ಒಲ್ಲೆ ಎಂದಿದ್ದ. ನೀರು ತಂದ ಹೆಣ್ಣುಮಕ್ಕಳ ಮುಖ ಸಣ್ಣದಾಗುವುದನ್ನು ಪ್ರತಿ ಸಲವೂ ನೋಡಿದ್ದ, ಪ್ರತಿ ಸಲವೂ ಅವನಿಗೆ ಸಂಕಟವಾಗುತ್ತಿತ್ತು.

ಮೊದಲು ಅವನು ಹೀಗಿರಲಿಲ್ಲ. ಅವನಿಗೆ ಒಬ್ಬಳೇ ತಂಗಿ, ಅಕ್ಕನಾಗಮ್ಮ. ತಂದೆ ತಾಯಿ ಹೋದ ಮೇಲೆ ಅಣ್ಣನಿಗೆ ತಂಗಿ, ತಂಗಿಗೆ ಅಣ್ಣ. ಅವಳನ್ನು ಹತ್ತಿರದ ಮಲಪನಗುಡಿಗೆ, ಕಾಲುವೆ ನೀರಾವರಿಯ ಕಬ್ಬಿನ ಗದ್ದೆಯಿದ್ದ ತೋಟಪ್ಪನಿಗೆ ಕೊಟ್ಟಿದ್ದರು. ತೋಟಪ್ಪ ನಗುಮುಖದವನು, ಭಾವನೆಂದರೆ ಪ್ರಾಣ. ಬಸ್ರಾದ ಕಥೆ ಕೇಳಿ ಕೇಳಿ ಅವನಿಗೂ ಫಟಫಟಿಯ ಹುಚ್ಚು ಹತ್ತಿತು. ಇಪ್ಪತ್ನಾಕನೇ ಇಸವಿಯಲ್ಲಿ ಸಂಡೂರಿನ ಒಬ್ಬ ಕಂತ್ರಾಟುದಾರ ತನ್ನ ಗಾಡಿ ಮಾರುತ್ತಾನೆಂದು ಗೊತ್ತಾಗಿ ಭಾವನನ್ನು ಕರೆದುಕೊಂಡು ನೋಡಲು ಹೋದ.

ಅಂದು ಪಕ್ಕೀರಪ್ಪನ ಉಗುರು ಗಾಡಿಯ ಕುತ್ತಿಗೆಯಲ್ಲಿ ಒಂದು ಕಡೆ ಸಣ್ಣಗೆ ತಡೆಯಿತು. ಹೊಸ ಬಣ್ಣ ಬಳಿದಿದ್ದರು. ಸ್ವಲ್ಪ ಸೀಮೆಎಣ್ಣೆ ಕೇಳಬೇಕು ಎಂದು ತಲೆ ಎತ್ತಿದರೆ ಎದುರಿಗೆ ಕಂತ್ರಾಟುದಾರನ ಮುದಿ ತಾಯಿ. "ಮದ್ಲು ಊಟ ಮಾಡ್ರಪ್ಪ, ಕಬ್ಬಿಣ ಎಲ್ಲಿ ಓಡಿ ಹೋಗ್ತೈತಿ?" ಎಂದು ಎಬ್ಬಿಸಿದಳು. ಹೋಳಿಗೆ ಊಟ. ಎರಡನೇ ಹೋಳಿಗೆಯನ್ನು ಬೇಡವೆಂದರೂ ಕೇಳದೆ ಹಾಕಿ, ತುಪ್ಪ ಸುರಿದು, "ನಮ್ಮ ಹುಡುಗ ಇದ್ದಂಗ ಅದೀಯಪ್ಪ" ಎಂದಳು. ಕೈ ತೊಳೆದು ಮತ್ತೆ ಗಾಡಿಯ ಹತ್ತಿರ ಬಂದಾಗ ಪಕ್ಕೀರಪ್ಪನಿಗೆ ಎಣ್ಣೆ ಕೇಳಲು ಬಾಯಿ ಬರಲಿಲ್ಲ. ಅವರ ಅನ್ನ ಇನ್ನೂ ಗಂಟಲಿನಿಂದ ಇಳಿದಿಲ್ಲ, ಆಗಲೇ ಅವರ ಗಾಡಿಗೆ ಮೋಸದ ಬಣ್ಣವೆಂದು ಹೇಗೆ ಅನ್ನುವುದು? ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು. ಉಗುರು ತಡೆದದ್ದು ಬಣ್ಣದ ಗಂಟೇ ಇರಬೇಕು ಎಂದುಕೊಂಡ. ತೋಟಪ್ಪ "ಹೆಂಗೈತಿ ಭಾವ?" ಎಂದಾಗ "ಚಲೋ ಐತಿ" ಎಂದುಬಿಟ್ಟ.

ಹನ್ನೊಂದನೇ ದಿನ ಸಂಡೂರು ಘಟ್ಟದ ಇಳಿಜಾರಿನಲ್ಲಿ ಆ ಕುತ್ತಿಗೆ ಮುರಿಯಿತು. ತೋಟಪ್ಪ ಬದುಕಲಿಲ್ಲ.

ಹೆಣ ಅಂಗಳಕ್ಕೆ ಬಂದಾಗ ಅಕ್ಕನಾಗಮ್ಮ ಅಳಲಿಲ್ಲ. ಉಗುರಿನ ವಿಷಯವನ್ನು ಅವಳ ಕಾಲ ಹತ್ತಿರ ಕೂತು ಪಕ್ಕೀರಪ್ಪನೇ ಹೇಳಿಕೊಂಡಿದ್ದ. ಅವಳು ಎಲ್ಲ ಕೇಳಿ, "ಆ ಮನೀ ಹೋಳಿಗಿ ರುಚಿ ಇತ್ತೇನಣ್ಣಾ?" ಎಂದು ಒಂದೇ ಮಾತು ಕೇಳಿದಳು. ಆಮೇಲೆ ಆ ಬಾಗಿಲು ಅವನಿಗೆ ತೆರೆಯಲಿಲ್ಲ. ಅಣ್ಣನಿಗೆ ಹೆಣ್ಣು ನೋಡಿ ಮದುವೆ ಮಾಡಬೇಕಾಗಿದ್ದವಳೂ ಅವಳೇ. ಹಾಗಾಗಿ ಅವನಿಗೆ ಮದುವೆಯೂ ಆಗಲಿಲ್ಲ, ತಾನಾಗಿ ಕೇಳಲು ಅವನಿಗೆ ಮನಸ್ಸೂ ಬರಲಿಲ್ಲ.

ಅವತ್ತಿನಿಂದ ಮಾರುವವರ ಮನೆಯ ನೀರು ಬಿಟ್ಟ, ಬಾಟ್ಲಿ ಹೆಗಲೇರಿತು. ಹದಿನಾಲ್ಕು ವರ್ಷ ಹೀಗೇ ಹೋಯಿತು. ಹಂಪಿಯ ಕಡೆಗೋ ಕಂಪ್ಲಿಯ ಕಡೆಗೋ ಹೋಗುವಾಗ ಬಸ್ಸು ಮಲಪನಗುಡಿಯನ್ನು ದಾಟಿಯೇ ಹೋಗಬೇಕು. ದಾಟುವಷ್ಟು ಹೊತ್ತೂ ಅವನು ತನ್ನ ಕಾಲಿನ ಚಪ್ಪಲಿ ನೋಡುತ್ತಾ ಕೂರುತ್ತಿದ್ದ.

ಮೂವತ್ತೆಂಟರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಇಪ್ಪತ್ತು ವರ್ಷದ ಯುವಕನೊಬ್ಬ ಬಂದು ನಿಂತ. ತೋಟಪ್ಪನೇ ಬಂದನೇನೋ ಎಂದು ಪಕ್ಕೀರಪ್ಪನ ಕೈಯಲ್ಲಿದ್ದ ಪಾನಾ ಜಾರಿತು.

"ನಾನು ಕೊಟ್ರಯ್ಯ ರಿ, ಮಲಪನಗುಡಿ ತೋಟಪ್ಪನ ಮಗ. ಸಂಡೂರು ಗಣಿ ಆಫೀಸಿನಾಗ ಅದೀನಿ. ಕಂಪ್ಲಿ ರೈಸ್‌ಮಿಲ್ ಉಜ್ಜಿನಪ್ಪನೋರು ತಮ್ಮ ಸ್ಪೋರ್ಟ್ಸ್ ಗಾಡಿ ಮಾರ್ತಾರಂತ. ನೋಡಾಕ ನೀವು ಬರಬೇಕು" ಎಂದ. ಮಾವ ಎನ್ನಲು ಅವನ ನಾಲಿಗೆ ಇನ್ನೂ ಹೊರಳಿರಲಿಲ್ಲ.

"ನಿಮ್ಮವ್ವಗ ಗೊತ್ತೈತೇನಪ್ಪ?" ಎಂದು ಪಕ್ಕೀರಪ್ಪ ಕೇಳಿದ.

"ಅವ್ವನೇ ಕಳಿಸ್ಯಾಳ. ತಗೊಳ್ಳೋದಾದ್ರ ನಿಮ್ಮ ಮಾವನ್ನ ಕರ್ಕೊಂಡ್ ಹೋಗು ಅಂದ್ಲು."

ಹದಿನಾಲ್ಕು ವರ್ಷದ ಮೇಲೆ ತಂಗಿ ಕಳಿಸಿದ ಮೊದಲ ಮಾತು ಅದು. ಅಂದು ಇಡೀ ದಿನ ಪಕ್ಕೀರಪ್ಪ ಅದನ್ನು ತಿರುವಿ ಮುರುವಿ ನೋಡಿದ. ಇಷ್ಟು ವರ್ಷ ಮುಖ ನೋಡದವಳು ಈಗ ಮಗನನ್ನು ಯಾಕೆ ಕಳಿಸಿದಳು? ಬ್ಯಾಡ ಎಂದ ಅವಳ ಮಾತನ್ನು ಮಗ ಕೇಳಿರಲಿಕ್ಕಿಲ್ಲ. ನಾನು ಬ್ಯಾಡ ಅಂದರೆ ಕೇಳುತ್ತಾನೆ, ಇಡೀ ಜಿಲ್ಲೆ ಕೇಳುತ್ತದೆ. ಬ್ಯಾಡ ಅನ್ನಿಸಲಿಕ್ಕೇ ಕಳಿಸಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಒಮ್ಮೆ ಅವಳ ಗಂಡನನ್ನು ಕಳೆದವನು ಮಗನನ್ನಾದರೂ ಉಳಿಸಿಕೊಡಲಿ, ಆಗ ಬಾಗಿಲು ತೆರೆದೀತು. ಗಾಡಿಯಲ್ಲಿ ಏನಾದರೂ ಐಬು ಇದ್ದೇ ಇರುತ್ತದೆ, ಇಲ್ಲದ ಗಾಡಿಯನ್ನು ನಾನು ಕಂಡಿಲ್ಲ ಎಂದು ಧೈರ್ಯ ತಂದುಕೊಂಡ.

ಆದರೆ ಆ ಗಾಡಿಯಲ್ಲಿ ಐಬು ಇರಲಿಲ್ಲ.

ಉಜ್ಜಿನಪ್ಪ ದುಂಡು ಮೈಯ, ತೆರೆದ ಮನಸ್ಸಿನ ಮನುಷ್ಯ. ವಯಸ್ಸು ನಲವತ್ತು ದಾಟಿತ್ತು. ಮಿಲ್ಲಿನ ಹಿಂದಿನ ಕೋಣೆಯಲ್ಲಿ ಗಾಡಿ ನಿಲ್ಲಿಸಿ ಮೇಲೆ ಹೆಂಡತಿಯ ಹಳೆಯ ರೇಷ್ಮೆ ಸೀರೆ ಹೊದಿಸಿದ್ದ. "ಹೊಟ್ಟಿ ಬಂತು ನೋಡ್ರಿ, ಬಗ್ಗಾಕ ಆಗವಲ್ದು. ಕಾರು ತಗೊಂಡೀನಿ. ಇದನ್ನ ಕೊಡಾಕ ಮನಸ್ಸಿಲ್ಲ, ಇಟ್ಕಂಡ್ರ ತುಕ್ಕು ಹಿಡೀತೈತಿ" ಎನ್ನುತ್ತಾ ಸೀರೆ ಎಳೆದ. ಕಪ್ಪು ಬಣ್ಣ, ಬೆಳ್ಳಿಯಂತೆ ಹೊಳೆಯುವ ಟ್ಯಾಂಕು, ಹಿಂದಕ್ಕೆ ಚಾಚಿದ ಎರಡು ಹೊಗೆಕೊಳವೆ. ಹಿಡಿ ತಗ್ಗಿನಲ್ಲಿತ್ತು, ಏರಿ ಕೂತವನು ಮುಂದಕ್ಕೆ ಬಾಗಲೇಬೇಕು. ಕೊಟ್ರಯ್ಯ ಉಸಿರು ಬಿಡುವುದನ್ನೇ ಮರೆತು ನಿಂತ.

ಪಕ್ಕೀರಪ್ಪ ಅಂಗೈ ಇಟ್ಟ. ಎಂಜಿನ್ನು ಕಲ್ಲಿನ ಹಾಗೆ ತಣ್ಣಗಿತ್ತು. ಎರಡನೇ ಒದೆತಕ್ಕೆ ಎದ್ದಿತು. ಎದ್ದ ಸದ್ದಿನಲ್ಲಿ ತೊದಲಿಲ್ಲ, ಕೆಮ್ಮಿಲ್ಲ. ನೆಲದ ಮೇಲೆ ಎಣ್ಣೆಯ ಕಲೆಯಿಲ್ಲ. ಕಡ್ಡಿಗಳೆಲ್ಲ ಒಂದೇ ಸ್ವರ. ಚೈನು, ಗೇರು, ಬ್ರೇಕು ಯಾವುದರಲ್ಲೂ ಹಿಡಿಯಲು ಏನೂ ಸಿಗಲಿಲ್ಲ. ಹುಡುಕುತ್ತಾ ಹುಡುಕುತ್ತಾ ಅವನ ಬೆನ್ನು ಬೆವರಿತು. ಅಷ್ಟರಲ್ಲಿ ಉಜ್ಜಿನಪ್ಪನ ಹೆಂಡತಿ ಸುವರ್ಣಮ್ಮ ಹಿತ್ತಾಳೆ ಲೋಟದಲ್ಲಿ ಮಜ್ಜಿಗೆ ತಂದಳು.

"ಬಿಸಿಲಾಗ ಬಂದೀರಿ, ತಗೋರಿ ಅಣ್ಣಾರ" ಎಂದಳು.

"ಬ್ಯಾಡ ತಾಯಿ, ನಮ್ಮ ಬಾಟ್ಲಿ ಐತಿ" ಎಂದ ಪಕ್ಕೀರಪ್ಪ. ಅವಳ ಮುಖವೂ ಎಲ್ಲರ ಮುಖದಂತೆಯೇ ಸಣ್ಣದಾಯಿತು. ಲೋಟವನ್ನು ಒಳಗೆ ಒಯ್ಯದೆ ಕಟ್ಟೆಯ ಮೇಲೆ ಇಟ್ಟು ಹೋದಳು.

ಇನ್ನು ಓಡಿಸಿ ನೋಡುವುದು. ಬೇರೆ ಗಾಡಿಗಳನ್ನು ಒಂದು ಫರ್ಲಾಂಗು ಓಡಿಸಿ ತಂದು ನಿಲ್ಲಿಸುವವನು, ಅಂದು ರಾಮಸಾಗರದ ದಾರಿ ಹಿಡಿದ. ಎರಡೂ ಕಡೆ ಕಬ್ಬು, ನಡುವೆ ಖಾಲಿ ರಸ್ತೆ. ಮೂರನೇ ಗೇರು ಹಾಕಿದ, ನಾಕನೇದು ಹಾಕಿದ. ಗಾಳಿಗೆ ಅಂಗಿ ಬೆನ್ನ ಹಿಂದೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಗಾಡಿ ಇನ್ನೂ ಕೊಡು ಕೊಡು ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಯಾರೋ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ನಕ್ಕವನು ತಾನೇ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ತೋಟಪ್ಪ ಘಟ್ಟದಲ್ಲಿ ಹೀಗೇ ನಗುತ್ತಾ ಇಳಿದಿರಬೇಕು ಎನ್ನಿಸಿತು. ಈ ನಗು ಕೊಟ್ರಯ್ಯನಿಗೆ ಸಿಕ್ಕರೆ ಅವನು ಬಿಡುತ್ತಾನೆಯೇ? ಪಕ್ಕೀರಪ್ಪ ಗಾಡಿ ನಿಲ್ಲಿಸಿ, ಮೆಲ್ಲಗೆ ತಿರುಗಿಸಿಕೊಂಡು, ದಾರಿಯಲ್ಲಿ ಸಿಕ್ಕ ಎತ್ತಿನ ಬಂಡಿಯ ಹಿಂದೆ ಹಿಂದೆಯೇ ವಾಪಸು ಬಂದ.

ಉಳಿದದ್ದು ವಿಭೂತಿ. ಎಣ್ಣೆ ಸವರಿ, ಒರೆಸಿ, ಬಿಳಿ ಉದುರಿಸಿ, ಎಲೆಅಡಿಕೆ ಹಾಕಿ ಜಗಿದು ಉಗುಳುವಷ್ಟು ಹೊತ್ತು ಕಾದ. ಗಾಡಿಯ ಕುತ್ತಿಗೆ ಬಿಳಿಯಾಗಿಯೇ ಇತ್ತು. ಇನ್ನೂ ಅಷ್ಟೇ ಹೊತ್ತು ಕಾದ. ಬಿರುಕು ಬರಲಿ ದೇವರೇ ಎಂದು ಬೇಡಿಕೊಂಡ ಫಿಟ್ಟರು ಅವನೊಬ್ಬನೇ ಇರಬೇಕು. ಗೆರೆ ಬರಲಿಲ್ಲ.

"ಹೆಂಗೈತಿ ಮಾವ?" ಎಂದು ಕೊಟ್ರಯ್ಯ ಕೇಳಿದ. ಆ ದಿನ ಮೊದಲ ಸಲ ಅವನ ಬಾಯಲ್ಲಿ ಮಾವ ಎಂಬ ಮಾತು ಬಂತು.

ಪಕ್ಕೀರಪ್ಪ ಅಂಗೈಯಿಂದ ವಿಭೂತಿಯನ್ನು ಒರೆಸಿ ಹಾಕಿ ಎದ್ದು ನಿಂತ. "ಬ್ಯಾಡ."

"ಏನಾಗೇತ್ರಿ?" ಎಂದು ಉಜ್ಜಿನಪ್ಪ ಗಾಬರಿಯಾಗಿ ಮುಂದೆ ಬಂದ. "ನಾನು ಒಮ್ಮೇನೂ ಕೆಡವಿಲ್ರಿ. ಗೆರೆ ಎಲ್ಲೈತಿ ತೋರಿಸ್ರಿ."

"ಬ್ಯಾಡ ಅಂದ್ರ ಬ್ಯಾಡ" ಎಂದು ಪಕ್ಕೀರಪ್ಪ ಬಾಟ್ಲಿ ಹೆಗಲಿಗೇರಿಸಿದ. ಐಬು ಹೇಳುವಾಗ ಜಾಗ ತೋರಿಸಿಯೇ ಹೇಳುತ್ತಿದ್ದವನು ಅಂದು ಯಾರ ಮುಖವನ್ನೂ ನೋಡಲಿಲ್ಲ. ಉಜ್ಜಿನಪ್ಪ ವಾದ ಮಾಡಲಿಲ್ಲ. ಫಿಟ್ಟರ್ ಪಕ್ಕೀರಪ್ಪ ಅಂದ ಮೇಲೆ ಇರಲೇಬೇಕು ಎಂದು ನಂಬಿ, ತಾನೇ ತಪ್ಪು ಮಾಡಿದವನ ಹಾಗೆ ಸೀರೆಯನ್ನು ಮತ್ತೆ ಗಾಡಿಗೆ ಹೊದಿಸಿದ. ಕಟ್ಟೆಯ ಮೇಲೆ ಮಜ್ಜಿಗೆಯ ಲೋಟಕ್ಕೆ ನೊಣ ಮುತ್ತಿದ್ದವು.

ಎಂಟು ದಿನ ಕಳೆದ ಮೇಲೆ ಕೊಟ್ರಯ್ಯ ಮತ್ತೆ ಬಂದ. "ಅವ್ವ ಊಟಕ್ಕ ಬರಾಕ ಹೇಳ್ಯಾಳ" ಎಂದ. ಅವನ ಮುಖ ಇನ್ನೂ ಬಾಡಿತ್ತು. ಪಕ್ಕೀರಪ್ಪ ಅದನ್ನು ಗಮನಿಸಲಿಲ್ಲ. ತಾನು ಲೆಕ್ಕ ಹಾಕಿದ್ದು ಸರಿಯಾಯಿತು, ಬಾಗಿಲು ತೆರೆಯಿತು ಎಂಬ ಸಂತೋಷಕ್ಕೆ ಅವನಿಗೆ ಅಂಗಿಯ ಗುಂಡಿ ಹಾಕಲೂ ಬರಲಿಲ್ಲ. ಒಗೆದ ಧೋತರ ಉಟ್ಟು, ಗಾಡಿ ನೋಡಲು ಹೋಗುವಾಗಿನ ಬಾಟ್ಲಿಯನ್ನು ಅಭ್ಯಾಸದ ಮೇಲೆ ಹೆಗಲಿಗೆ ಹಾಕಿಕೊಂಡೇ ಮಲಪನಗುಡಿಗೆ ನಡೆದ.

ಅಕ್ಕನಾಗಮ್ಮನ ಕೂದಲು ಅರ್ಧ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿಯುವವರಂತೆ ನೋಡಿದರು. "ಕುಂದ್ರು ಅಣ್ಣಾ" ಎಂದು ಮಣೆ ಹಾಕಿದಳು. ರೊಟ್ಟಿ, ಎಣ್ಣೆಗಾಯಿ ಬದನೆ, ಕಾಳಿನ ಪಲ್ಯ, ಮೊಸರು. ಬದಿಗೆ ಚೊಂಬಿನಲ್ಲಿ ನೀರು ಇಟ್ಟಳು. ಅವಳ ಮನೆಯ ರೊಟ್ಟಿ ಅವ್ವನ ರೊಟ್ಟಿಯ ಹಾಗೇ ಅಂಚು ಸುಟ್ಟಿತ್ತು.

"ಗಾಡ್ಯಾಗ ಏನು ಐಬು ಇತ್ತಣ್ಣಾ?" ಎಂದು ಎದುರಿಗೆ ಕೂತು ಕೇಳಿದಳು. ಕೊಟ್ರಯ್ಯ ಕಂಬಕ್ಕೆ ಒರಗಿ ನಿಂತಿದ್ದ.

ರೊಟ್ಟಿ ಮುರಿಯಲು ಹೋದ ಕೈ ಅಲ್ಲೇ ನಿಂತಿತು. ಉಂಡ ಮೇಲೆ ನಿಜ ಹೇಳಲಾಗುವುದಿಲ್ಲ ಎಂದು ಹದಿನಾಲ್ಕು ವರ್ಷ ನಂಬಿ ಬದುಕಿದವನು ಅವನು. ಈ ತಟ್ಟೆಯಲ್ಲಿ ಒಂದು ತುತ್ತು ತಿಂದರೆ ಸಾಯುವ ತನಕ ಆ ಸುಳ್ಳನ್ನು ಕಾಯಬೇಕು. ತಿನ್ನದೆ ಹೇಳಿದರೆ ಈ ಮಣೆಯಿಂದ ಏಳಬೇಕು. ಎದ್ದು ಹೋಗಲು ಅವನಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ. ಆದರೂ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಏನೂ ಇರಲಿಲ್ಲವ್ವ" ಎಂದ. "ಅಷ್ಟು ಚಲೋ ಗಾಡಿ ನಾನು ನೋಡೇ ಇಲ್ಲ. ಸುಳ್ಳು ಹೇಳಿದೆ. ನೀನು ಬ್ಯಾಡ ಅನ್ನಿಸಾಕ ಕಳಿಸೀದಿ ಅಂತ ತಿಳ್ಕಂಡೆ."

ಕೊಟ್ರಯ್ಯ ಕಂಬ ಬಿಟ್ಟು ನೆಟ್ಟಗಾದ. "ಹಂಗಾರ ಆ ಉಜ್ಜಿನಪ್ಪನೋರ ಹೆಸರು ಕೆಡಿಸಿ ಬಂದ್ರೇನು? ಅವರ ಗಾಡೀನ ಈಗ ಯಾರೂ ಮುಟ್ಟವಲ್ರಂತ!" ಎಂದು ಕೂಗಿದ.

"ನೀ ಸುಮ್ನಿರು" ಎಂದಳು ತಾಯಿ. ಆಮೇಲೆ ಅಣ್ಣನ ಕಡೆ ತಿರುಗಿದಳು. "ಬ್ಯಾಡ ಅನ್ನಾಕ ನಿನ್ನ ಯಾಕ ಕಳಸ್ಲಿ? ನನಗ ಬಾಯಿಲ್ಲೇನು? ಖರೇ ಹೇಳ್ಲಿ ಅಂತ ಕಳಿಸಿದ್ದೆ."

ಪಕ್ಕೀರಪ್ಪ ಏಳಲು ಹೊರಟ. ಅವಳು ಅವನ ಮೊಣಕೈ ಹಿಡಿದು ಕೂರಿಸಿದಳು. ಮಾತನ್ನು ಎಳೆದು ಎಳೆದು ಹೊರಗೆ ತಂದಳು.

"ನೀನು ಒಂದು ಸುಳ್ಳು ಹೇಳಿದಿ. ನಾನು ಹದಿನಾಕು ವರ್ಷದಿಂದ ಹೇಳೀನಿ. ಆ ಗಾಡಿ ತಂದ ದಿನ ರಾತ್ರಿ ಅವರು ನನ್ನ ಮುಂದ ಅಂದ್ರು, 'ಭಾವನ ಕೈ ಆ ಕುತ್ತಿಗಿ ಬಿಟ್ಟು ಬರವಲ್ದಾಗಿತ್ತು. ಏನೋ ಐತಿ ಅಲ್ಲಿ. ನಾನೇ ಮತ್ತ ಕೇಳ್ಲಿಲ್ಲ. ಕೇಳಿದ್ರ ಹೇಳಿಬಿಡ್ತಿದ್ರು, ಗಾಡಿ ಬಿಟ್ಟು ಬರಬೇಕಾಗ್ತಿತ್ತು' ಅಂತ. ಅಂದು ನಕ್ರು. ನಾನೂ ನಕ್ಕೆ ಅಣ್ಣಾ. ತಂದೀರಲ್ಲ ಬಿಡ್ರಿ, ನನ್ನ ಕುಂದ್ರಿಸ್ಕಂಡು ಹಂಪಿಗೆ ಹೋಗ್ರಿ ಅಂದೆ. ಹೋಗಿ ಬಂದ್ವಿ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸತ್ತವರ ಮ್ಯಾಲ ಸಿಟ್ಟು ಮಾಡಾಕ ಆಗಲಿಲ್ಲ, ನನ್ನ ಮ್ಯಾಲ ಮಾಡ್ಕಳಾಕ ಧೈರ್ಯ ಸಾಲಲಿಲ್ಲ. ನೀನು ಕಾಲ ಹತ್ರ ಕುಂತಿದ್ದಿ. ನಿನ್ನ ಮ್ಯಾಲ ಹಾಕಿದೆ."

ಪಕ್ಕೀರಪ್ಪನಿಗೆ ಹಗುರಾಯಿತು ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಅವನಿಗೆ ಸಿಟ್ಟು ಬಂತು. ಸುಡುವ ತಗಡಿನ ಶೆಡ್ಡು ನೆನಪಾಯಿತು, ಹಬ್ಬದ ದಿನದ ಎರಡು ರೊಟ್ಟಿ ನೆನಪಾಯಿತು, ನೂರಾರು ಮನೆಗಳ ಬಾಗಿಲಲ್ಲಿ ಸಣ್ಣದಾದ ಮುಖಗಳು ನೆನಪಾದವು. ಅವನ್ನೆಲ್ಲ ಈಗ ಯಾರು ವಾಪಸು ತಂದುಕೊಡುತ್ತಾರೆ? ಬಾಯಿ ಒಣಗಿಹೋಗಿತ್ತು. ಬಾಟ್ಲಿಗೆ ಕೈ ಹಾಕಿದವನು ಅದನ್ನು ಬಿಟ್ಟು ಚೊಂಬು ಎತ್ತಿ ಗಟಗಟ ಕುಡಿದ. ಅಕ್ಕನಾಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಂದು ಅಳದಿದ್ದದ್ದನ್ನೂ ಸೇರಿಸಿ ಅತ್ತಳು. ಅವನು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಆರಿದ ರೊಟ್ಟಿ ಮುರಿದು ತಿಂದ.

ಹೊರಡುವಾಗ ಅವಳು ಮಗನಿಗೆ ಹೇಳಿದಳು, "ನಾಳೆ ಮಾವನ ಕೂಡ ಕಂಪ್ಲಿಗೆ ಹೋಗು. ನಿಮ್ಮಪ್ಪ ಕೇಳದ್ದನ್ನ ನೀ ಬಾಯಿಬಿಟ್ಟು ಕೇಳು. ಆಮ್ಯಾಲ ನಿನ್ನ ಇಚ್ಛಾ."

ಮರುದಿನ ಬೆಳಿಗ್ಗೆ ಪಕ್ಕೀರಪ್ಪ ಬಾಟ್ಲಿಯನ್ನು ಶೆಡ್ಡಿನ ಮೊಳೆಗೆ ನೇತು ಹಾಕಿ ಬಸ್ಸು ಹತ್ತಿದ. ಉಜ್ಜಿನಪ್ಪ ಅವರನ್ನು ಕಂಡು ಎದ್ದು ನಿಂತ. ಪಕ್ಕೀರಪ್ಪ ಕೂರಲಿಲ್ಲ. ಮಿಲ್ಲಿನ ಹಮಾಲರು, ಭತ್ತ ತಂದ ರೈತರು ಎಲ್ಲರೂ ಇದ್ದಾಗಲೇ, ಎಲ್ಲರಿಗೂ ಕೇಳುವಂತೆ ಹೇಳಿದ: "ಗಾಡ್ಯಾಗ ಐಬಿಲ್ಲ. ನಾನು ಸುಳ್ಳು ಹೇಳಿದ್ದೆ. ತಪ್ಪಾತ್ರಿ."

ಉಜ್ಜಿನಪ್ಪನ ಮುಖ ಮೊದಲು ಕೆಂಪಾಯಿತು. "ಎಂಟು ದಿನ ನಿದ್ದಿ ಮಾಡಿಲ್ರಿ ನಾನು" ಎಂದ. "ಎಲ್ಲಿ ಒಡದೈತಿ, ಯಾವಾಗ ಒಡದೈತಿ ಅಂತ ಟಾರ್ಚು ಹಿಡ್ಕಂಡು ನೋಡೀನಿ. ನಿಮ್ಮಂಥೋರು ಹಿಂಗ ಮಾಡಿದ್ರ ಯಾರನ್ನ ನಂಬಬೇಕು?" ಪಕ್ಕೀರಪ್ಪ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ. ಇನ್ನು ಗಾಡಿ ನೋಡಲು ತನ್ನನ್ನು ಕರೆಯುವವರು ಕಡಿಮೆಯಾಗುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬಾಗಿಲಲ್ಲಿ ಸುವರ್ಣಮ್ಮ ನಿಂತಿದ್ದಳು. ಈ ಸಲ ಅವಳ ಕೈಯಲ್ಲಿ ಏನೂ ಇರಲಿಲ್ಲ.

"ತಾಯಿ, ಒಂದೀಟು ನೀರು ಕೊಡ್ರಿ" ಎಂದು ಪಕ್ಕೀರಪ್ಪ ಕೇಳಿದ.

ಅವಳು ಗಂಡನ ಮುಖ ನೋಡಿದಳು, ಆಮೇಲೆ ಒಳಗೆ ಹೋಗಿ ತಂದಳು. ಅವನು ನಿಂತೇ ಕುಡಿದ. ಲೋಟ ಕೆಳಗಿಡುವ ಮೊದಲೇ ಕೊಟ್ರಯ್ಯ ಮುಂದೆ ಬಂದು ಗಾಡಿಯ ಕುತ್ತಿಗೆಯ ಮೇಲೆ ಕೈ ಇಟ್ಟ.

"ಮಾವ, ಇಲ್ಲಿ ಏನರ ಐತೇನು? ಇದ್ರ ಹೇಳು. ನಾ ಬಿಟ್ಟು ಬರ್ತೀನಿ."

ಪಕ್ಕೀರಪ್ಪ ಅವನ ಮುಖ ನೋಡಿದ. ಅದೇ ಹುಬ್ಬು, ಅದೇ ಗಲ್ಲ. ಹೊಟ್ಟೆಯಲ್ಲಿ ಮಾರುವವರ ಮನೆಯ ನೀರಿತ್ತು.

"ಏನೂ ಇಲ್ಲ. ಚಲೋ ಐತಿ" ಎಂದ.

ಕೊಟ್ರಯ್ಯ ಏರಿ ಕೂತು ಒದ್ದ. ಗಾಡಿ ಮಿಲ್ಲಿನ ಬಾಗಿಲು ದಾಟಿ, ಭತ್ತದ ಬಂಡಿಗಳ ನಡುವೆ ನುಸುಳಿ ರಾಮಸಾಗರದ ರಸ್ತೆಗೆ ಹೊರಳಿತು. ಪಕ್ಕೀರಪ್ಪ ಕಣ್ಣು ಮುಚ್ಚಿ ಸದ್ದು ಕೇಳುತ್ತಾ ನಿಂತ. ಎರಡನೇ ಗೇರು, ಮೂರನೇದು, ನಾಕನೇದು. ಸದ್ದು ಸರಿಯಾಗಿತ್ತು. ಕಬ್ಬಿನಾಚೆ ಸಣ್ಣದಾಗಿ ನಿಂತೇ ಹೋದ ಮೇಲೂ ಅವನು ತಲೆ ಓರೆ ಮಾಡಿ ಕೇಳುತ್ತಲೇ ಇದ್ದ. ಉಜ್ಜಿನಪ್ಪ ಒಳಗೆ ಹೋದ, ಹಮಾಲರು ಚೀಲಕ್ಕೆ ಹೆಗಲು ಕೊಟ್ಟರು. ಅಂಗಳದಲ್ಲಿ ಅವನೊಬ್ಬನೇ ಉಳಿದ.

"ಇನ್ನೊಂದು ಲೋಟ ತರ್ಲೇನ್ರಿ ಅಣ್ಣಾರ?" ಎಂದು ಸುವರ್ಣಮ್ಮ ಕೇಳಿದಳು.

"ತರ್ರಿ ತಾಯಿ. ಅಂವ ವಾಪಸ್ ಬರೋತನಕ ಇಲ್ಲೇ ಇರ್ತೀನಿ" ಎಂದ ಪಕ್ಕೀರಪ್ಪ.